ಗುರುಮುಖಿಯ ಹೊಸ್ತಿಲಲ್ಲಿ: ವಯಸ್ಕರ ಪಂಜಾಬಿ ಕಲಿಕೆ ಮತ್ತು ಸಿಖ್ ಅಧ್ಯಾತ್ಮದ ಪರಿಚಯ

'ಸಿಖ್' ಎಂಬ ಪದದ ಮೂಲ ಸಂಸ್ಕೃತದ 'ಶಿಷ್ಯ'. ಪಂಜಾಬಿಯಲ್ಲಿ 'ಸಿಖಣಾ' ಎಂದರೆ ಕಲಿಯುವುದು. ಕಲಿಯುವವನೇ ಸಿಖ್. ತನ್ನ ಹೆಸರಿನಲ್ಲಿಯೇ ವಿದ್ಯಾರ್ಥಿದೆಸೆಯನ್ನು ಹೊತ್ತಿರುವ ಈ ಧರ್ಮವನ್ನು ಅರಿಯಬಯಸುವ ಪರಭಾಷಿಕರು ಮೊದಲು ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಪಂಜಾಬಿ ಕಲಿಯಲೇಬೇಕೆ? ಮೂವತ್ತು, ನಲವತ್ತು, ಅರವತ್ತರ ವಯಸ್ಸಿನಲ್ಲಿ ಹೊಸ ಲಿಪಿ, ಹೊಸ ಉಚ್ಚಾರಣೆ, ಹೊಸ ವ್ಯಾಕರಣ ಸಾಧ್ಯವೆ? ಕಲಿತರೂ ಐದು ಶತಮಾನಗಳ ಹಿಂದಿನ ಪದ್ಯಗಳು ಅರ್ಥವಾಗುತ್ತವೆಯೆ?

ಈ ಪ್ರಶ್ನೆಗಳು ಕನ್ನಡಿಗರಿಗೆ ದೂರದವಲ್ಲ. ಬೀದರಿನ ಗುರುನಾನಕ್ ಝೀರಾ ಸಾಹಿಬ್‌ಗೆ ಹೋಗಿ ಬಂದವರು ನಮ್ಮಲ್ಲಿ ಬಹಳ ಮಂದಿ. ಅಲ್ಲಿನ ಊಟದ ಪಂಕ್ತಿಯಲ್ಲಿ ಕುಳಿತು, ಕೀರ್ತನೆ ಕೇಳಿ, ಗೋಡೆಯ ಮೇಲಿನ ಬರಹವನ್ನು ಓದಲಾಗದೆ ಹಿಂದಿರುಗಿದವರೂ ಅಷ್ಟೇ ಮಂದಿ. ಆ ಬರಹದಾಚೆಗೆ ಏನಿದೆ, ಅಲ್ಲಿಗೆ ತಲುಪುವ ದಾರಿ ಯಾವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬೀದರಿನ ಬಂಧ

ಗುರು ನಾನಕರು (1469-1539) ತಮ್ಮ ದಕ್ಷಿಣ ಯಾತ್ರೆಯ ಕಾಲದಲ್ಲಿ, 16ನೆಯ ಶತಮಾನದ ಆದಿಭಾಗದಲ್ಲಿ, ಬೀದರಿಗೆ ಬಂದರೆಂದು ಸಿಖ್ ಪರಂಪರೆ ಹೇಳುತ್ತದೆ. ಅಲ್ಲಿನ ಜನ ಸಿಹಿನೀರಿಗಾಗಿ ಪರದಾಡುತ್ತಿದ್ದುದನ್ನು ಕಂಡು, ಗುರುಗಳು ಬೆಟ್ಟದ ಬುಡದ ಕಲ್ಲೊಂದನ್ನು ತಮ್ಮ ಪಾದುಕೆಯಿಂದ ಸರಿಸಿದಾಗ ಬುಗ್ಗೆ ಚಿಮ್ಮಿತೆಂಬುದು ಐತಿಹ್ಯ. 'ಝೀರಾ' ಎಂದರೆ ನೀರಿನ ಒರತೆ. ಇಂದಿಗೂ ಆ ಜಲ ಅಲ್ಲಿ ಹರಿಯುತ್ತಿದೆ.

ಸಂಬಂಧ ಅಷ್ಟಕ್ಕೇ ನಿಲ್ಲುವುದಿಲ್ಲ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ ಸಿಂಗರು ಖಾಲ್ಸಾವನ್ನು ಸ್ಥಾಪಿಸಿದಾಗ ತಲೆಕೊಡಲು ಮುಂದೆ ಬಂದ ಐವರನ್ನು 'ಪಂಜ್ ಪ್ಯಾರೇ' ಎನ್ನುತ್ತಾರೆ. ಲಾಹೋರ್, ಹಸ್ತಿನಾಪುರ, ಜಗನ್ನಾಥಪುರಿ, ದ್ವಾರಕೆ ಮತ್ತು ಬೀದರ್ ಈ ಐವರ ಊರುಗಳೆಂದು ಪರಂಪರೆ ನೆನೆಯುತ್ತದೆ. ಬೀದರಿನವರು ಕ್ಷೌರಿಕ ವೃತ್ತಿಯ ಕುಟುಂಬದ ಭಾಯಿ ಸಾಹಿಬ್ ಸಿಂಗ್. ಇವರು ಮುಂದೆ ಚಮ್ಕೌರ್ ಕಾಳಗದಲ್ಲಿ ಮಡಿದರು. ಗುರುಗಳ ಪಕ್ಷದಲ್ಲಿ ಖಡ್ಗ ಹಿಡಿದು ಹೋರಾಡಿದ ಮಾಯಿ ಭಾಗೋ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಬೀದರ್ ಸಮೀಪದ ಜನವಾಡದಲ್ಲಿ. ಗುರು ಗೋಬಿಂದ ಸಿಂಗರು 1708ರಲ್ಲಿ ದೇಹ ಬಿಟ್ಟದ್ದು ನೆರೆಯ ನಾಂದೇಡಿನಲ್ಲಿ. ಹೀಗಾಗಿ ಗೋದಾವರಿ-ಮಾಂಜ್ರಾ ಸೀಮೆಗೆ ಸಿಖ್ ಇತಿಹಾಸದಲ್ಲಿ ಪಂಜಾಬಿನಷ್ಟೇ ಹತ್ತಿರದ ಸ್ಥಾನವಿದೆ.

ಇಬ್ಬರು ಪರಭಾಷಿಕರ ಪಾಠ

ವಯಸ್ಕರಾದ ಮೇಲೆ ಈ ಭಾಷೆಯನ್ನು ಕಲಿತವರಲ್ಲಿ ಇಬ್ಬರು ಯುರೋಪಿಯನ್ನರ ಕಥೆ ಇಂದಿಗೂ ಕಲಿಯುವವರಿಗೆ ಮಾರ್ಗದರ್ಶಿಯಾಗಿದೆ. ಒಬ್ಬರು ಜರ್ಮನಿಯ ಅರ್ನ್‌ಸ್ಟ್ ಟ್ರಂಪ್. ಸಂಸ್ಕೃತ, ಸಿಂಧಿ ಮೊದಲಾದ ಭಾಷೆಗಳಲ್ಲಿ ಪಂಡಿತರು. ಬ್ರಿಟಿಷ್ ಸರ್ಕಾರದ ಕೋರಿಕೆಯ ಮೇರೆಗೆ ಆದಿ ಗ್ರಂಥವನ್ನು ಇಂಗ್ಲಿಷಿಗೆ ತರಲು ಲಾಹೋರಿಗೆ ಬಂದರು. 1877ರಲ್ಲಿ ಅವರ ಅಪೂರ್ಣ ಅನುವಾದ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಮುನ್ನುಡಿಯ ತಾತ್ಸಾರದ ಧ್ವನಿ ಸಿಖ್ಖರನ್ನು ತೀವ್ರವಾಗಿ ನೋಯಿಸಿತು. ಪವಿತ್ರ ಗ್ರಂಥವನ್ನು ಮುಂದಿಟ್ಟುಕೊಂಡೇ ಅವರು ಚುರುಟು ಸೇದಿದರೆಂಬ ಮಾತು ಸಮುದಾಯದ ನೆನಪಿನಲ್ಲಿ ಇಂದಿಗೂ ಉಳಿದಿದೆ.

ಇನ್ನೊಬ್ಬರು ಐರ್ಲೆಂಡಿನ ಮ್ಯಾಕ್ಸ್ ಆರ್ಥರ್ ಮೆಕಾಲಿಫ್. ಪಂಜಾಬಿನಲ್ಲಿ ಸಿವಿಲ್ ಅಧಿಕಾರಿಯಾಗಿದ್ದವರು. 1893ರಲ್ಲಿ ಹುದ್ದೆ ಬಿಟ್ಟು ಅನುವಾದ ಕಾರ್ಯಕ್ಕೇ ತಮ್ಮನ್ನು ಅರ್ಪಿಸಿಕೊಂಡರು. ಸಂಪ್ರದಾಯಬದ್ಧವಾಗಿ ಅರ್ಥ ಹೇಳುವ 'ಗ್ಯಾನಿ'ಗಳ ಬಳಿ ಕುಳಿತರು. ನಾಭಾದ ವಿದ್ವಾಂಸ ಭಾಯಿ ಕಾಹ್ನ್ ಸಿಂಗರೊಡನೆ ವರ್ಷಗಟ್ಟಲೆ ಕೆಲಸ ಮಾಡಿದರು. ತಮ್ಮ ಅನುವಾದವನ್ನು ಸಿಖ್ ವಿದ್ವಾಂಸರ ತಿದ್ದುಪಡಿಗೆ ಒಪ್ಪಿಸಿದರು. 1909ರಲ್ಲಿ ಆಕ್ಸ್‌ಫರ್ಡಿನಿಂದ ಆರು ಸಂಪುಟಗಳಲ್ಲಿ 'ದಿ ಸಿಖ್ ರಿಲಿಜನ್' ಹೊರಬಂದಿತು. ನೂರು ವರ್ಷ ಮೀರಿದರೂ ಆ ಕೃತಿಗೆ ಗೌರವವಿದೆ.

ಭಾಷಾಶಾಸ್ತ್ರದ ದೃಷ್ಟಿಯಿಂದ ಟ್ರಂಪ್ ಕಡಿಮೆಯೇನೂ ಇರಲಿಲ್ಲ. ಆದರೆ ಗ್ರಂಥವನ್ನು ಬದುಕುತ್ತಿರುವ ಜನರಿಂದ ಕಲಿಯಬೇಕೆಂಬುದನ್ನು ಅವರು ಒಪ್ಪಲಿಲ್ಲ. ಮೆಕಾಲಿಫ್ ಒಪ್ಪಿದರು. ಭಾಷೆಯೊಂದೇ ಬಾಗಿಲು ತೆರೆಯುವುದಿಲ್ಲ, ಭಾಷೆಯಿಲ್ಲದೆಯೂ ಬಾಗಿಲು ಪೂರ್ತಿ ತೆರೆಯುವುದಿಲ್ಲ ಎಂಬ ಎರಡೂ ಮಾತು ಈ ಇಬ್ಬರ ದೃಷ್ಟಾಂತದಲ್ಲಿದೆ.

ಲಿಪಿ: ಮೊದಲ ಮೆಟ್ಟಿಲು

ಪಂಜಾಬಿಯನ್ನು ಎರಡು ಲಿಪಿಗಳಲ್ಲಿ ಬರೆಯುತ್ತಾರೆ. ಭಾರತದಲ್ಲಿ ಗುರುಮುಖಿ, ಪಾಕಿಸ್ತಾನದಲ್ಲಿ ಫಾರ್ಸಿ ಮೂಲದ ಶಾಹಮುಖಿ. ಪಂಜಾಬಿ ಮಾತನಾಡುವವರ ಸಂಖ್ಯೆ ಭಾರತಕ್ಕಿಂತ ಪಾಕಿಸ್ತಾನದಲ್ಲಿಯೇ ಹೆಚ್ಚು. ಸಿಖ್ ಧರ್ಮಗ್ರಂಥ ಇರುವುದು ಗುರುಮುಖಿಯಲ್ಲಿ.

ಎರಡನೆಯ ಗುರು ಅಂಗದರು (1504-1552) ಖಡೂರಿನಲ್ಲಿ ಈ ಲಿಪಿಯನ್ನು ವ್ಯವಸ್ಥಿತಗೊಳಿಸಿ, ಮಕ್ಕಳಿಗೆ ಕಲಿಸಿ ಪ್ರಚಾರಕ್ಕೆ ತಂದರು. ಅಂದು ವರ್ತಕರು ಬಳಸುತ್ತಿದ್ದ 'ಲಂಡಾ' ಲಿಪಿಗಳಲ್ಲಿ ಸ್ವರಚಿಹ್ನೆಗಳು ಸರಿಯಾಗಿ ಇರಲಿಲ್ಲ. ಲೆಕ್ಕದ ಪುಸ್ತಕಕ್ಕೆ ಅದು ಸಾಕಾಗುತ್ತಿತ್ತು. ಆದರೆ ಒಂದು ಸ್ವರ ಬದಲಾದರೆ ಅರ್ಥವೇ ಬದಲಾಗುವ ಪದ್ಯಕ್ಕೆ ಸಾಲುತ್ತಿರಲಿಲ್ಲ. ಗುರುವಾಣಿಯನ್ನು ತಪ್ಪಿಲ್ಲದೆ ಉಳಿಸುವ ಅಗತ್ಯವೇ ಲಿಪಿಯನ್ನು ಪರಿಷ್ಕರಿಸಿತು. ಅಕ್ಷರಮಾಲೆ ಇದಕ್ಕೂ ಮೊದಲೇ ಇತ್ತೆಂಬುದಕ್ಕೆ ಗುರು ನಾನಕರ 'ಪಟ್ಟೀ' ಎಂಬ ರಚನೆ ಸಾಕ್ಷಿ. ಅಕ್ಷರಕ್ಕೊಂದರಂತೆ ಪದ್ಯ ಕಟ್ಟಿದ ರಚನೆಯದು.

ಕನ್ನಡ ಬಲ್ಲವರಿಗೆ ಗುರುಮುಖಿ ಕಷ್ಟವಲ್ಲ. ಎರಡೂ ಬ್ರಾಹ್ಮೀ ಸಂತತಿಯ ಲಿಪಿಗಳು. ವ್ಯಂಜನಕ್ಕೆ ಸ್ವರಚಿಹ್ನೆ ಹತ್ತಿಸುವ ಕ್ರಮ ಒಂದೇ. ಮೂಲ ಅಕ್ಷರಗಳು 35 ಇರುವುದರಿಂದ ವರ್ಣಮಾಲೆಯನ್ನು 'ಪೈಂತೀ', ಅಂದರೆ ಮೂವತ್ತೈದು, ಎಂದೇ ಕರೆಯುತ್ತಾರೆ. ಕೆಳಗೆ ಚುಕ್ಕೆಯಿಟ್ಟು ಮಾಡಿದ ಆರು ಅಕ್ಷರಗಳು ಸೇರಿದರೆ 41. ನಮ್ಮಲ್ಲಿ 'ಅ, ಆ'ದಿಂದ ಆರಂಭವಾದರೆ ಅಲ್ಲಿ ಸ್ವರಗಳನ್ನು ಹೊರುವ ಮೂರು ಅಕ್ಷರಗಳು, ನಂತರ ಸಕಾರ, ಹಕಾರ, ಅನಂತರ ಕವರ್ಗ ಬರುತ್ತವೆ. ಒತ್ತಕ್ಷರಗಳ ಹೊರೆ ಬಹಳ ಕಡಿಮೆ. ಸಾಮಾನ್ಯವಾಗಿ ಹಕಾರ, ರಕಾರ, ವಕಾರಗಳು ಮಾತ್ರ ಅಡಿಯಲ್ಲಿ ಸೇರುತ್ತವೆ. ದ್ವಿತ್ವವನ್ನು ತೋರಿಸಲು 'ಅದ್ದಕ್' ಎಂಬ ಒಂದೇ ಚಿಹ್ನೆಯಿದೆ. ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ವಾರ ಕುಳಿತರೆ ಓದು ಕೈಗೂಡುತ್ತದೆ.

ಎರಡು ಎಚ್ಚರಿಕೆಗಳು ಅಗತ್ಯ. ಹಿಂದಿ ಬಲ್ಲವರು ಕೆಲವು ಅಕ್ಷರಗಳಲ್ಲಿ ಮೋಸಹೋಗುತ್ತಾರೆ. ಗುರುಮುಖಿಯ ಸಕಾರ ನೋಡಲು ದೇವನಾಗರಿಯ ಮಕಾರದಂತಿದೆ. ಎರಡನೆಯದಾಗಿ, ಕನ್ನಡಿಗರು ಬರೆದುದನ್ನೆಲ್ಲ ಉಚ್ಚರಿಸುವವರು. ಪಂಜಾಬಿಯಲ್ಲಿ ಪದಾಂತ್ಯದ ಅಕಾರ ಕೇಳಿಸುವುದಿಲ್ಲ. 'ನಾನಕ' ಎಂಬಂತೆ ಬರೆದುದನ್ನು 'ನಾನಕ್' ಎಂದೇ ಓದಬೇಕು.

ನಾಲಗೆಗೆ ಒಗ್ಗುವುದು, ಒಗ್ಗದಿರುವುದು

ಹಿಂದಿಯ 'ಹಾಥ್, ಸಾತ್, ಆಠ್' ಪಂಜಾಬಿಯಲ್ಲಿ 'ಹತ್ಥ್, ಸತ್ತ್, ಅಟ್ಠ್'. ಪ್ರಾಕೃತದ ದ್ವಿತ್ವಾಕ್ಷರಗಳನ್ನು ಪಂಜಾಬಿ ಬಿಟ್ಟುಕೊಟ್ಟಿಲ್ಲ. ಒತ್ತಿ ನುಡಿಯುವುದು ಕನ್ನಡದ ನಾಲಗೆಗೆ ಹುಟ್ಟುಗುಣ. ಹಿಂದಿ ಮಾತನಾಡುವವರು ತಡವರಿಸುವ ಣಕಾರ, ಳಕಾರಗಳೂ ನಮಗೆ ಸಲೀಸು.

ವಾಕ್ಯದ ಕಟ್ಟಡವೂ ಪರಿಚಿತವೇ. ಕರ್ತೃ, ಕರ್ಮ, ಕ್ರಿಯೆ ಎಂಬ ಕ್ರಮ ಎರಡರಲ್ಲೂ ಒಂದೇ. 'ಮೈನೂಂ ಭುಕ್ಖ್ ಲಗ್ಗೀ ಹೈ' ಎಂದರೆ 'ನನಗೆ ಹಸಿವಾಗಿದೆ'. ಕನ್ನಡದ ಚತುರ್ಥಿಯಂತೆಯೇ ಅಲ್ಲಿಯೂ ಹಸಿವು 'ನನಗೆ' ಆಗುತ್ತದೆ. 'ನೀನು-ನೀವು' ಭೇದ ಅಲ್ಲಿ 'ತೂಂ-ತುಸೀಂ' ಆಗಿದೆ. ಹಿರಿಯರನ್ನು 'ತುಸೀಂ' ಎಂದು, ಹೆಸರಿಗೆ 'ಜೀ' ಸೇರಿಸಿ ಮಾತನಾಡಿಸುತ್ತಾರೆ. ಗುರುವಾಣಿಯಲ್ಲಿ ಭಕ್ತ ದೇವರನ್ನು ಕರೆಯುವುದು ಮಾತ್ರ ಏಕವಚನದಲ್ಲಿ. ವಚನ, ಕೀರ್ತನೆಗಳನ್ನು ಓದಿದವರಿಗೆ ಈ ಸಲಿಗೆ ಹೊಸತಲ್ಲ.

ತೊಡಕು ಬರುವುದು ಮೂರು ಕಡೆ. ಮೊದಲನೆಯದು ಲಿಂಗ. ಕನ್ನಡದಲ್ಲಿ ಮನೆ, ಪುಸ್ತಕ ಎಲ್ಲವೂ ನಪುಂಸಕ. ಪಂಜಾಬಿಯಲ್ಲಿ ಮನೆ ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ. ಆದ್ದರಿಂದ 'ಮೇರಾ ಘರ್', ಆದರೆ 'ಮೇರೀ ಕಿತಾಬ್'. ಪ್ರತಿ ನಾಮಪದವನ್ನೂ ಲಿಂಗಸಹಿತ ಬಾಯಿಪಾಠ ಮಾಡುವುದೇ ಪರಿಹಾರ.

ಎರಡನೆಯದು ಭೂತಕಾಲ. 'ನಾನು ಪುಸ್ತಕ ಓದಿದೆ' ಎಂಬಲ್ಲಿ ನಮ್ಮ ಕ್ರಿಯಾಪದ 'ನಾನು'ವನ್ನು ಅನುಸರಿಸುತ್ತದೆ. ಪಂಜಾಬಿಯ 'ಮೈಂ ಕಿತಾಬ್ ಪಢೀ' ಎಂಬಲ್ಲಿ ಕ್ರಿಯೆ ಪುಸ್ತಕವನ್ನು ಅನುಸರಿಸುತ್ತದೆ. ಹೇಳುವವರು ಗಂಡಸಾದರೂ ಕ್ರಿಯೆ ಸ್ತ್ರೀಲಿಂಗವೇ.

ಮೂರನೆಯದು ಸ್ಥಾಯಿ, ಅಂದರೆ ಧ್ವನಿಯ ಏರಿಳಿತ. ಭಾರತದ ಪ್ರಮುಖ ಭಾಷೆಗಳಲ್ಲಿ ಪಂಜಾಬಿಗೆ ಇದು ವಿಶಿಷ್ಟ. ಘ, ಝ, ಢ, ಧ, ಭ ಎಂಬ ಮಹಾಪ್ರಾಣಗಳು ಬರವಣಿಗೆಯಲ್ಲಿ ಉಳಿದಿವೆ. ಆದರೆ ಮಾತಿನಲ್ಲಿ ಅವುಗಳ ಮಹಾಪ್ರಾಣತ್ವ ಹೋಗಿ ಸ್ಥಾಯಿಯಾಗಿ ಮಾರ್ಪಟ್ಟಿದೆ. ಪದದ ಆದಿಯಲ್ಲಿ 'ಘರ್' ಎಂಬುದು 'ಕರ್' ಎಂಬಂತೆ, 'ಭಾಈ' ಎಂಬುದು 'ಪಾಈ' ಎಂಬಂತೆ, ಧ್ವನಿಯನ್ನು ತಗ್ಗಿಸಿ ನುಡಿಯಲ್ಪಡುತ್ತದೆ. ಚಾಟಿ, ಕುದುರೆ, ಕುಷ್ಠರೋಗಿ ಎಂಬ ಮೂರು ಅರ್ಥಗಳ ಮೂರು ಪದಗಳು ಪರಭಾಷಿಕರ ಕಿವಿಗೆ 'ಕೋಡಾ' ಎಂದು ಒಂದೇ ತೆರನಾಗಿ ಕೇಳಿಸುತ್ತವೆ. ಸಮಸ್ಥಾಯಿಯಾದರೆ ಚಾಟಿ, ತಗ್ಗಿದರೆ ಕುದುರೆ, ಏರಿದರೆ ಕುಷ್ಠರೋಗಿ. ಇದನ್ನು ಪುಸ್ತಕದಿಂದ ಕಲಿಯಲಾಗದು. ಕೇಳಿ ಕೇಳಿ ಕಿವಿ ಪಳಗಬೇಕು. ವಯಸ್ಕ ಕಲಿಕೆಗಾರರು ಲಿಪಿಯ ಜೊತೆಗೇ ಕೇಳ್ಮೆಯನ್ನೂ ಆರಂಭಿಸಬೇಕಾದುದು ಈ ಕಾರಣಕ್ಕೆ.

ಆಡುಮಾತು ಬೇರೆ, ಗುರುವಾಣಿ ಬೇರೆ

ಇಲ್ಲಿ ಬಹುತೇಕ ಕಲಿಕೆಗಾರರು ನಿರಾಶರಾಗುವ ತಿರುವು ಬರುತ್ತದೆ. ವರ್ಷವೊಂದು ಕಳೆದು ಪಂಜಾಬಿ ಪತ್ರಿಕೆ ಓದಲು ಬಂದವರು ಗುರು ಗ್ರಂಥ ಸಾಹಿಬ್ ತೆರೆದರೆ ಅರ್ಧದಷ್ಟೂ ತಿಳಿಯುವುದಿಲ್ಲ. ಇದು ಕಲಿಕೆಯ ದೋಷವಲ್ಲ. ಪಂಜಾಬಿನಲ್ಲಿಯೇ ಹುಟ್ಟಿ ಬೆಳೆದವರಿಗೂ ಇದೇ ಅನುಭವ. ದಿನಪತ್ರಿಕೆಯ ಕನ್ನಡ ಬಲ್ಲವರು ಹಳಗನ್ನಡ ಕಾವ್ಯವನ್ನು ನೇರವಾಗಿ ಓದಲಾರರು ಎಂಬುದನ್ನು ನೆನೆದರೆ ಇದು ಅರ್ಥವಾಗುತ್ತದೆ.

ಐದನೆಯ ಗುರು ಅರ್ಜನರು ಆದಿ ಗ್ರಂಥವನ್ನು ಸಂಕಲಿಸಿ, ಭಾಯಿ ಗುರುದಾಸರಿಂದ ಬರೆಯಿಸಿ, 1604ರಲ್ಲಿ ಅಮೃತಸರದ ಹರಿಮಂದಿರದಲ್ಲಿ ಪ್ರತಿಷ್ಠಾಪಿಸಿದರು. ಮುಂದೆ ಒಂಬತ್ತನೆಯ ಗುರು ತೇಗ್ ಬಹಾದುರರ ರಚನೆಗಳು ಸೇರಿದವು. ಇಂದಿನ ಮುದ್ರಿತ ಪ್ರತಿಯಲ್ಲಿ 1430 ಪುಟಗಳಿವೆ. ಆರು ಗುರುಗಳ ವಾಣಿಯ ಜೊತೆಗೆ ಕಬೀರ, ರವಿದಾಸ, ಶೇಖ್ ಫರೀದ್ ಮೊದಲಾದ ಭಕ್ತರ ರಚನೆಗಳಿವೆ. ನಮ್ಮ ನೆರೆಯ ಮರಾಠಿ ಸೀಮೆಯ ಸಂತ ನಾಮದೇವರ 61 ಪದಗಳಿವೆ. ಹೀಗೆ ಹಲವು ಪ್ರಾಂತ, ಹಲವು ಶತಮಾನಗಳ ನುಡಿ ಒಂದೆಡೆ ಸೇರಿರುವುದರಿಂದ ಅದರ ಭಾಷೆ ಶುದ್ಧ ಪಂಜಾಬಿಯಲ್ಲ. ಪಶ್ಚಿಮ ಪಂಜಾಬಿ, ವ್ರಜ, ಫಾರ್ಸಿ, ಮರಾಠಿ, ಪ್ರಾಕೃತದ ಛಾಯೆಗಳು ಬೆರೆತ ಈ ನುಡಿಯನ್ನು 'ಸಂತ ಭಾಷಾ' ಎಂದು ಕರೆಯುತ್ತಾರೆ.

ಇದಕ್ಕೆ ತನ್ನದೇ ವ್ಯಾಕರಣವಿದೆ. ಪದಾಂತ್ಯದಲ್ಲಿ ಹ್ರಸ್ವ ಇಕಾರ, ಉಕಾರಗಳನ್ನು ಬರೆದಿರುತ್ತಾರೆ, ಸಾಮಾನ್ಯವಾಗಿ ಉಚ್ಚರಿಸುವುದಿಲ್ಲ. ಅವು ಅಲಂಕಾರವಲ್ಲ, ವಿಭಕ್ತಿಸೂಚಕಗಳು. 'ನಾನಕು' ಎಂದಿದ್ದರೆ ಪ್ರಥಮಾ ಏಕವಚನ, 'ನಾನಕನು'. 'ನಾನಕಿ' ಎಂದಿದ್ದರೆ 'ನಾನಕನಿಂದ'. 'ನಾನಕ' ಎಂದಷ್ಟೇ ಇದ್ದರೆ ಹಲವೆಡೆ ಸಂಬೋಧನೆ, 'ಎಲೈ ನಾನಕನೆ'. ಕಿವಿಗೆ ಮೂರೂ 'ನಾನಕ್' ಎಂದೇ ಕೇಳಿಸುತ್ತವೆ. ಕಣ್ಣಿಟ್ಟು ಓದುವವನಿಗೆ ಮಾತ್ರ ಅರ್ಥಭೇದ ಗೋಚರಿಸುತ್ತದೆ. ರೋಮನ್ ಲಿಪಿಯ ಪ್ರಾರ್ಥನಾ ಪುಸ್ತಕಗಳಿಂದ ಪಠಣ ಮಾಡಬಹುದಾದರೂ, ಉಚ್ಚಾರಣೆಯನ್ನಷ್ಟೇ ಅನುಸರಿಸಿ ಬರೆದಲ್ಲಿ ಈ ಸೂಚನೆಗಳು ಕಳೆದುಹೋಗುತ್ತವೆ. ಗುರುಮುಖಿ ಕಲಿಯುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಡ.

ಈ ವ್ಯಾಕರಣವನ್ನು ಬಿಡಿಸಿ ತೋರಿಸಿದವರಲ್ಲಿ ಪ್ರೊಫೆಸರ್ ಸಾಹಿಬ್ ಸಿಂಗ್ (1892-1977) ಅಗ್ರಗಣ್ಯರು. ಅವರ 'ಗುರಬಾಣೀ ವ್ಯಾಕರಣ' ಮತ್ತು ಹತ್ತು ಸಂಪುಟಗಳ 'ಶ್ರೀ ಗುರು ಗ್ರಂಥ ಸಾಹಿಬ್ ದರ್ಪಣ' ಇಂದು ಅಂತರಜಾಲದಲ್ಲಿಯೂ ಲಭ್ಯ. ಮೆಕಾಲಿಫರಿಗೆ ನೆರವಾದ ಕಾಹ್ನ್ ಸಿಂಗ್ ನಾಭಾ ಅವರ 'ಮಹಾನ್ ಕೋಶ' 1930ರಲ್ಲಿ ಪ್ರಕಟವಾದ ವಿಶ್ವಕೋಶ. ಆಧಾರಗ್ರಂಥವಾಗಿ ಅದಕ್ಕೆ ಇಂದಿಗೂ ಸಾಟಿಯಿಲ್ಲ.

ಒಂದು ಪದವನ್ನು ಓದುವ ಬಗೆ

ಗ್ರಂಥದ ಜೋಡಣೆ ವಿಷಯಾನುಸಾರವಲ್ಲ, ರಾಗಾನುಸಾರ. ಒಟ್ಟು 31 ರಾಗಗಳು. ಪ್ರತಿ ಪದದ ತಲೆಯಲ್ಲಿ ಮೊದಲು ರಾಗದ ಹೆಸರು, ನಂತರ 'ಮಹಲಾ' ಎಂಬ ಪದ ಮತ್ತು ಒಂದು ಅಂಕಿ ಇರುತ್ತವೆ. ಮಹಲಾ 1 ಎಂದರೆ ಗುರು ನಾನಕರು, 3 ಎಂದರೆ ಅಮರದಾಸರು, 5 ಎಂದರೆ ಅರ್ಜನರು. ಈ ಅಂಕಿ ಏಕೆ ಬೇಕು? ನಮ್ಮಲ್ಲಿ ಪ್ರತಿ ವಚನಕಾರರಿಗೂ, ಪ್ರತಿ ಹರಿದಾಸರಿಗೂ ಪ್ರತ್ಯೇಕ ಅಂಕಿತ. ಗುರುಗಳಾದರೋ ಎಲ್ಲರೂ 'ನಾನಕ' ಎಂಬ ಒಂದೇ ಅಂಕಿತವನ್ನು ಬಳಸಿದರು. ಒಂದು ಜ್ಯೋತಿಯೇ ಹತ್ತು ದೇಹಗಳಲ್ಲಿ ಬೆಳಗಿತು ಎಂಬ ಸಿಖ್ ನಂಬಿಕೆ ಈ ಅಂಕಿತದಲ್ಲಿ ಅಡಗಿದೆ.

ಪದದ ನಡುವೆ 'ರಹಾಉ' ಎಂದು ಗುರುತಿಸಿದ ಸಾಲು ಬರುತ್ತದೆ. ಅರ್ಥ 'ನಿಲ್ಲು'. ದಾಸರ ಪದಗಳ ಪಲ್ಲವಿಯಂತೆ ಇದನ್ನು ಗಾಯನದಲ್ಲಿ ಮರಳಿ ಮರಳಿ ಹಾಡುತ್ತಾರೆ. ಪದದ ಕೇಂದ್ರಭಾವ ಇರುವುದು ಇಲ್ಲಿಯೇ. ಆದ್ದರಿಂದ ರಹಾಉ ಸಾಲನ್ನು ಮೊದಲು ಓದಿ, ಅದರ ಬೆಳಕಿನಲ್ಲಿ ಉಳಿದ ಸಾಲುಗಳನ್ನು ನೋಡಬೇಕೆಂದು ಹಲವು ವ್ಯಾಖ್ಯಾನಕಾರರು ಸೂಚಿಸುತ್ತಾರೆ. ಹಿಂದೂಸ್ತಾನಿ ಸಂಗೀತದ ಕೇಳ್ಮೆಯಿರುವ ಧಾರವಾಡ, ಹುಬ್ಬಳ್ಳಿ, ಕಲಬುರಗಿಯ ರಸಿಕರಿಗೆ ಕೀರ್ತನೆಯೇ ಸುಲಭದ ಪ್ರವೇಶದ್ವಾರವಾಗಬಲ್ಲದು.

ಪರಿಚಿತ ಪದ, ಅಪರಿಚಿತ ಅರ್ಥ

ಗುರುವಾಣಿಯ ಮುಖ್ಯ ಪರಿಭಾಷೆಯಲ್ಲಿ ಕನ್ನಡಿಗರಿಗೆ ಗೊತ್ತಿರುವ ಪದಗಳೇ ಹೆಚ್ಚು. ಅಪಾಯವಿರುವುದೂ ಅಲ್ಲಿಯೇ.

'ಹುಕಮ್' ಪದವನ್ನು ತೆಗೆದುಕೊಳ್ಳೋಣ. ಹುಕುಂ, ಬಗರ್ ಹುಕುಂ ಎಂದು ನಮ್ಮ ಕಂದಾಯ ಕಚೇರಿಗಳಲ್ಲಿ ದಿನವೂ ಕೇಳುವ ಪದವಿದು. ಗುರುವಾಣಿಯಲ್ಲಿ ಅದು ಒಬ್ಬ ಅರಸನ ಆಜ್ಞೆಯಲ್ಲ. ಸೃಷ್ಟಿಯ ಸಮಸ್ತವನ್ನೂ ನಡೆಸುವ ದೈವೀ ನಿಯಮ. ಅದರಿಂದ ಹೊರಗಿರುವುದು ಯಾವುದೂ ಇಲ್ಲ. ಅದನ್ನರಿತು ಅದರೊಡನೆ ಹೊಂದಿ ಬಾಳುವುದೇ ಸಾಧನೆ. ಅದಕ್ಕೆ ಅಡ್ಡ ನಿಲ್ಲುವುದು 'ಹಉಮೈ'. 'ಹಉ' ಎಂದರೂ ನಾನು, 'ಮೈ' ಎಂದರೂ ನಾನು. ನಾನು-ನಾನು ಎಂಬ ಈ ಮಿಡಿತವನ್ನು ಅಹಂಕಾರ ಎಂದಷ್ಟೇ ಅನುವಾದಿಸಿದರೆ ಸಾಲದು. ಬಿಡಿಯಾಗಿ ಬದುಕುತ್ತಿದ್ದೇನೆಂಬ ಮೂಲಭ್ರಮೆಯದು.

'ನದರ್' ನಮ್ಮ 'ನಜರು' ಪದದ ಸೋದರ. ಅಲ್ಲಿ ಅದು ಕೃಪಾದೃಷ್ಟಿ. 'ಸಹಜ' ಎಂದರೆ ಸ್ವಾಭಾವಿಕ ಎಂದಷ್ಟೇ ಅಲ್ಲ, ಸುಖದುಃಖಗಳಲ್ಲಿ ಅಲುಗದ ನೆಲೆ. 'ಪಂಗತ್' ನಮ್ಮ 'ಪಂಕ್ತಿ'ಯೇ. ಪಂಕ್ತಿಭೇದ ಎಂಬ ಮಾತು ಕನ್ನಡ ನಾಡಿನಲ್ಲಿ ಎಷ್ಟು ಚರ್ಚೆಗೆ ಕಾರಣವಾಗಿದೆಯೆಂದು ಹೇಳಬೇಕಿಲ್ಲ. ಲಂಗರಿನಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ, ಒಂದೇ ನೆಲದ ಮೇಲೆ ಕುಳಿತು ಒಂದೇ ಅನ್ನ ಉಣ್ಣುವ ಪದ್ಧತಿ ಆ ಭೇದಕ್ಕೆ ನೀಡಿದ ನೇರ ಉತ್ತರ.

ಇಲ್ಲಿ ಬಸವಣ್ಣನವರ ದಾಸೋಹ, ಕಾಯಕಗಳ ನೆನಪಾಗದಿರದು. ದುಡಿದು ಬಾಳುವುದು, ಹಂಚಿ ಉಣ್ಣುವುದು, ನಾಮಸ್ಮರಣೆ ಎಂಬ ಸಿಖ್ ಜೀವನದ ಮೂರು ಸೂತ್ರಗಳು ವಚನ ಪರಂಪರೆಗೆ ಬಹಳ ಹತ್ತಿರ. ಬಸವಕಲ್ಯಾಣ ಮತ್ತು ಝೀರಾ ಸಾಹಿಬ್ ಎರಡೂ ಒಂದೇ ಜಿಲ್ಲೆಯಲ್ಲಿರುವುದು ಅರ್ಥಪೂರ್ಣವಾಗಿದೆ. ಆದರೆ ಸಾಮ್ಯ ಕಂಡೊಡನೆ 'ಎಲ್ಲವೂ ಒಂದೇ' ಎಂದು ಮುಗಿಸಿಬಿಡುವುದು ಕಲಿಕೆಯನ್ನು ಅಲ್ಲಿಗೇ ನಿಲ್ಲಿಸಿದಂತೆ. ಶರಣರಿಗೆ ಅಂಗೈಯ ಇಷ್ಟಲಿಂಗವಿತ್ತು. ಸಿಖ್ಖರಿಗೆ ಯಾವ ಮೂರ್ತರೂಪವೂ ಇಲ್ಲ, ಶಬ್ದವೇ ಗುರು. ಸಾಮ್ಯ ನಮ್ಮನ್ನು ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗಿನದನ್ನು ಕಾಣಬೇಕಾದರೆ ವ್ಯತ್ಯಾಸಗಳನ್ನೂ ಗೌರವಿಸಬೇಕು.

ಗ್ರಂಥವಲ್ಲ, ಗುರು

ಗುರು ಗೋಬಿಂದ ಸಿಂಗರು 1708ರಲ್ಲಿ ನಾಂದೇಡಿನಲ್ಲಿ ತಮ್ಮ ನಂತರ ದೇಹಧಾರಿ ಗುರುವಿಲ್ಲ, ಗ್ರಂಥವೇ ಗುರು ಎಂದು ಸಾರಿದರು. ಇದು ಅಲಂಕಾರದ ಮಾತಲ್ಲ. ಗ್ರಂಥದ ಪುಟಗಳನ್ನು 'ಅಂಗ' ಎನ್ನುತ್ತಾರೆ. ಬೆಳಿಗ್ಗೆ ವಿಧಿಪೂರ್ವಕ ತೆರೆಯುವುದು 'ಪ್ರಕಾಶ', ರಾತ್ರಿ ವಿಶ್ರಾಂತಿಗೆ ಕರೆದೊಯ್ಯುವುದು 'ಸುಖಾಸನ'. ಮೇಲೆ ಛತ್ರ, ಬದಿಯಲ್ಲಿ ಚಾಮರ.

ಆದುದರಿಂದ ಆಸಕ್ತಿಯ ಭರದಲ್ಲಿ ಇಡೀ ಗುರು ಗ್ರಂಥವನ್ನು ತರಿಸಿ ಕಪಾಟಿನಲ್ಲಿಡುವುದು ಸರಿಯಲ್ಲ. ಅದಕ್ಕೆ ಪ್ರತ್ಯೇಕ ಸ್ಥಳ, ನಿತ್ಯದ ಮರ್ಯಾದೆ ಬೇಕು. ಅಭ್ಯಾಸಕ್ಕೆಂದೇ 'ಗುಟಕಾ' ಎಂಬ ಚಿಕ್ಕ ಪ್ರಾರ್ಥನಾ ಪುಸ್ತಕಗಳೂ, ಅರ್ಥಸಹಿತ ಸಂಪುಟಗಳೂ ಇವೆ. ಗುಟಕಾವನ್ನೂ ಕೈ ತೊಳೆದು, ತಲೆಗೆ ವಸ್ತ್ರ ಹೊದ್ದು ಓದುವುದು ವಾಡಿಕೆ. ಓದಿದ ಮೇಲೆ ನೆಲದ ಮೇಲಿಡುವುದಿಲ್ಲ.

ಗುರುದ್ವಾರಕ್ಕೆ ಯಾರೂ ಹೋಗಬಹುದು. ಪಾದರಕ್ಷೆ ಕಳಚಿ, ಕೈಕಾಲು ತೊಳೆದು, ತಲೆ ಮುಚ್ಚಿಕೊಂಡು ಒಳಹೋಗಬೇಕು. ತಂಬಾಕು, ಮದ್ಯ ಜೊತೆಯಲ್ಲಿರಕೂಡದು. ಗ್ರಂಥದ ಕಡೆಗೆ ಕಾಲು ಚಾಚದೆ ನೆಲದ ಮೇಲೆ ಕುಳಿತುಕೊಳ್ಳಬೇಕು. ಕಡಾಹ ಪ್ರಸಾದವನ್ನು ಎರಡೂ ಕೈ ಜೋಡಿಸಿ ಸ್ವೀಕರಿಸಬೇಕು. ಸಿಖ್ಖರಾಗಬೇಕೆಂಬ ಒತ್ತಾಯ ಯಾರೂ ಮಾಡುವುದಿಲ್ಲ. ಅಮೃತ ದೀಕ್ಷೆ ಪಡೆಯುವುದು ಪೂರ್ಣ ಶಿಸ್ತಿನ ಜೀವನಕ್ಕೆ ತಲೆಬಾಗುವ ಗಂಭೀರ ನಿರ್ಧಾರ. ಕುತೂಹಲದಿಂದ ಮಾಡುವ ಕಾರ್ಯವಲ್ಲ.

ಎಲ್ಲಿಂದ ಆರಂಭಿಸಬೇಕು?

ಅನುಭವಿ ಕಲಿಕೆಗಾರರು ಅನುಸರಿಸುವ ಕ್ರಮ ಸರಳವಾದುದು. ಮೊದಲು ಲಿಪಿ. ಬಳಿಕ ಆಡುಮಾತಿನ ಪಂಜಾಬಿ, ಮುಖ್ಯವಾಗಿ ಕೇಳುವ ಮೂಲಕ. ಜೊತೆಜೊತೆಗೆ ನಿತ್ಯ ಒಂದು ಚಿಕ್ಕ ಪದದ ಅಧ್ಯಯನ. ಇದಕ್ಕೆ 'ಹುಕಮನಾಮಾ' ಅತ್ಯುತ್ತಮ ಸಾಧನ. ಅಮೃತಸರದ ಹರಿಮಂದಿರದಲ್ಲಿ ಪ್ರತಿದಿನ ಬೆಳಗಿನ ಜಾವ ಗ್ರಂಥವನ್ನು ತೆರೆದಾಗ ದೊರೆಯುವ ಪದವೇ ಆ ದಿನದ ಹುಕಮನಾಮಾ. ಮೂಲ ಪಾಠ, ಅರ್ಥ, ಧ್ವನಿಮುದ್ರಣ ಮೂರೂ ಅಂತರಜಾಲದಲ್ಲಿ ಅಂದಂದೇ ದೊರೆಯುತ್ತವೆ. ಕಣ್ಣಿನಿಂದ ಓದಿ, ಕಿವಿಯಿಂದ ಕೇಳಿ, ರಹಾಉ ಸಾಲನ್ನು ಬಿಡಿಸಿದರೆ ದಿನಕ್ಕೊಂದು ಪಾಠವಾಯಿತು.

ದೀರ್ಘ ರಚನೆಗಳಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದುದು ಮುಂಜಾವಿನಲ್ಲಿ ಪಠಿಸುವ 'ಜಪುಜೀ'. ಗುರು ನಾನಕರ ಈ ಕೃತಿಯಲ್ಲಿ 38 ಪೌಡಿಗಳಿವೆ. 'ಪೌಡೀ' ಎಂದರೆ ಮೆಟ್ಟಿಲು. ವಾರಕ್ಕೊಂದು ಪೌಡಿಯಂತೆ ಬಿಡಿಸಿದರೆ ವರ್ಷದೊಳಗೆ ಮುಗಿಯುತ್ತದೆ. ಭಾಷೆ ಸಂಕ್ಷಿಪ್ತ, ಅರ್ಥ ಗಹನ. ಕಠಿಣವೆನಿಸಿದವರು ರಾತ್ರಿಯ ಪಾಠವಾದ, ಐದೇ ಪದಗಳ 'ಸೋಹಿಲಾ'ದಿಂದ ಆರಂಭಿಸಬಹುದು.

ಮೈಸೂರಿನಲ್ಲಿ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯ ಉತ್ತರ ಪ್ರಾದೇಶಿಕ ಕೇಂದ್ರ ಪಟಿಯಾಲದಲ್ಲಿದೆ. ಬೇರೆ ರಾಜ್ಯಗಳ ಶಿಕ್ಷಕರಿಗೆ ಪಂಜಾಬಿ ಕಲಿಸುವ ಕಾರ್ಯ ಅಲ್ಲಿ ದಶಕಗಳಿಂದ ನಡೆದುಬಂದಿದೆ. ವಯಸ್ಕರು ಹೊಸ ಭಾರತೀಯ ಭಾಷೆಯನ್ನು ಕಲಿಯಬಲ್ಲರು ಎಂಬ ನಂಬಿಕೆಯ ಮೇಲೆಯೇ ನಿಂತ ಯೋಜನೆಯಿದು. ಪುಸ್ತಕ, ತಂತ್ರಾಂಶಗಳಿಗಿಂತ ಹೆಚ್ಚಿನದು 'ಸಂಗತ್', ಅಂದರೆ ಜೊತೆಗೂಡಿ ಕುಳಿತ ಸಮುದಾಯ. ಬೀದರ್ ಆಗಲಿ, ಬೆಂಗಳೂರಿನ ಹಲಸೂರು ಕೆರೆ ಬಳಿಯ ಗುರುದ್ವಾರವಾಗಲಿ, ಅಲ್ಲಿ ಪಾತ್ರೆ ತೊಳೆಯುವ, ರೊಟ್ಟಿ ಲಟ್ಟಿಸುವ ಸೇವೆಗೆ ನಿಂತವರಿಗೆ ಆಡುಮಾತು ತಾನಾಗಿ ಕಿವಿಗೆ ಬೀಳುತ್ತದೆ.

ಕೊನೆಯ ಮಾತು

ಪಂಜಾಬಿಗರೂ ನಮ್ಮಂತೆಯೇ ಭಾಷೆಗಾಗಿ ಹೋರಾಡಿದವರು. ಕನ್ನಡ ನಾಡು ಒಂದಾದದ್ದು 1956ರ ನವೆಂಬರ್ 1ರಂದು. ಪಂಜಾಬಿ ಭಾಷಿಕ ರಾಜ್ಯ ರೂಪುಗೊಂಡದ್ದು ಸರಿಯಾಗಿ ಹತ್ತು ವರ್ಷಗಳ ಬಳಿಕ, 1966ರ ಅದೇ ದಿನದಂದು. ಆದರೂ ವಿದೇಶಗಳಲ್ಲಿ ನೆಲೆಸಿದ ಸಿಖ್ ಕುಟುಂಬಗಳಲ್ಲಿ, ಪಂಜಾಬಿನಾಚೆಯ ಭಾರತದ ನಗರಗಳಲ್ಲಿ, ಗುರುಮುಖಿ ಓದಲು ಬಾರದ ತಲೆಮಾರು ಬೆಳೆಯುತ್ತಿದೆಯೆಂಬ ಆತಂಕವಿದೆ. ಅವರಲ್ಲಿ ಹಲವರು ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ತಮ್ಮ ಅಜ್ಜ-ಅಜ್ಜಿಯರ ಭಾಷೆಯನ್ನು ಅಕ್ಷರದಿಂದ ಆರಂಭಿಸಿ ಕಲಿಯುತ್ತಿದ್ದಾರೆ. ಹೊರನಾಡ ಕನ್ನಡಿಗರ ಮನೆಗಳ ಚಿತ್ರವೂ ಇದಕ್ಕಿಂತ ಭಿನ್ನವಲ್ಲ.

ಹೀಗಿರುವಾಗ ಪರಭಾಷಿಕರೊಬ್ಬರು ಗುರುಮುಖಿಯ ಮೊದಲ ಅಕ್ಷರ ತಿದ್ದಲು ಕುಳಿತರೆ ಅವರು ಒಂಟಿಯಲ್ಲ. ಆ ಭಾಷೆಯ ಮನೆಯ ಮಕ್ಕಳೂ ಅದೇ ಹಲಗೆಯ ಮುಂದೆ ಕುಳಿತಿದ್ದಾರೆ. ಅನುವಾದದಲ್ಲಿ ಓದಿ ತೃಪ್ತರಾಗುವುದು ತಪ್ಪಲ್ಲ. ಆದರೆ ಉಚ್ಚರಿಸದ ಒಂದು ಇಕಾರ 'ನಾನಕ' ಎಂಬುದನ್ನು 'ನಾನಕನಿಂದ' ಎಂದು ಮಾಡುವ ಬಗೆಯನ್ನು ಒಮ್ಮೆ ಸ್ವಂತ ಕಣ್ಣಿನಿಂದ ಕಂಡವರು ಮರಳಿ ಅನುವಾದಕ್ಕೆ ಮಾತ್ರ ಅಂಟಿಕೊಳ್ಳಲಾರರು. ಮೂವತ್ತೈದು ಅಕ್ಷರ, ಕೆಲವು ವಾರಗಳ ಶ್ರಮ, ಜೊತೆಗೆ ಕೂಡಿಸಿಕೊಳ್ಳುವ ಒಂದು ಸಂಗತ್. ಆರಂಭಕ್ಕೆ ಇಷ್ಟು ಸಾಕು.